ರಟ್ಟಿನ ಬಂಡಿಯ ಎರಡನೇ ಸುತ್ತು

(ಅರೆಕೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)

ಬನ್ನೇರುಘಟ್ಟ ರಸ್ತೆಯಲ್ಲಿ, ಅರೆಕೆರೆ ಗೇಟಿನ ಆಸುಪಾಸಿನಲ್ಲಿ ಬೆಳೆಯುವ ಮಗುವಿಗೆ ಎಂಜಿನಿಯರಿಂಗ್ ಕಣ್ಣಿಗೆ ಬೀಳದ ದಿನವಿಲ್ಲ. ಮುಖ್ಯರಸ್ತೆಯುದ್ದಕ್ಕೂ ಕಾಳೇನ ಅಗ್ರಹಾರದ ಕಡೆಯಿಂದ ಬರುವ ಮೆಟ್ರೊ ಮಾರ್ಗದ ಕಂಬಗಳು. ಒಳಗಿನ ಅಡ್ಡರಸ್ತೆಗಳಲ್ಲಿ 30-40ರ ಸೈಟಿನ ಮೇಲೆ ಏಳುವ ಬಾಡಿಗೆ ಮನೆಗಳು, ಸಾರುವೆ, ಜಲ್ಲಿ ರಾಶಿ, ಕಂಬಿ ಬಗ್ಗಿಸುವವರು. ಗಾರೆ ಮೇಸ್ತ್ರಿ ತೂಗುಗುಂಡು ಇಳಿಬಿಟ್ಟು ಗೋಡೆಯ ನೇರ ನೋಡುತ್ತಾನೆ. ಎರಡು ಕೋಣೆಗಳ ನೆಲ ಒಂದೇ ಮಟ್ಟಕ್ಕಿದೆಯೇ ಎಂದು ತಿಳಿಯಲು ಅವನಿಗೆ ಬೇಕಾದದ್ದು ನೀರು ತುಂಬಿದ ಒಂದು ಪಾರದರ್ಶಕ ಪೈಪು, ಅಷ್ಟೆ. ಈ ತುದಿಯಲ್ಲಿ ನೀರು ಎಷ್ಟೆತ್ತರಕ್ಕೆ ನಿಂತಿದೆಯೋ ಆ ತುದಿಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ, ನಡುವೆ ಗೋಡೆಯಿದ್ದರೂ. ಐದನೇ ತರಗತಿಯ ಹುಡುಗಿ ಇದನ್ನೆಲ್ಲ ದಾಟಿಕೊಂಡು ಶಾಲೆಗೆ ಹೋಗಿ, ದ್ರವಗಳು ತಮ್ಮ ಮಟ್ಟವನ್ನು ತಾವೇ ಕಾಯ್ದುಕೊಳ್ಳುತ್ತವೆ ಎಂಬ ವಾಕ್ಯವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾಳೆ. ಮೇಸ್ತ್ರಿಯ ಪೈಪೂ ಈ ವಾಕ್ಯವೂ ಒಂದೇ ಸಂಗತಿ ಎಂದು ಅವಳಿಗೆ ಹೇಳುವವರಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ವಿನ್ಯಾಸ ಮತ್ತು ತಂತ್ರಜ್ಞಾನ ಕಲಿಸಬೇಕು ಎಂದರೆ, ಕಂಪ್ಯೂಟರ್ ಕಲಿಸಬೇಕು ಎಂದೇ ಈ ನಗರದಲ್ಲಿ ಬಹಳಷ್ಟು ಜನರಿಗೆ ಕೇಳಿಸುತ್ತದೆ. ಐಟಿಯಿಂದ ಅನ್ನ ಕಂಡ ಊರಿಗೆ ಅದು ಸಹಜವೇ. ಆದರೆ ಈ ವಿಷಯವನ್ನು 5 ವರ್ಷದ ಮಕ್ಕಳಿಂದಲೇ ಕಡ್ಡಾಯ ಮಾಡಿದ ಇಂಗ್ಲೆಂಡಿನಲ್ಲಿ ಪಾಠ ಶುರುವಾಗುವುದು ಯಂತ್ರದಿಂದಲ್ಲ, ಯಾರದಾದರೊಂದು ಅಗತ್ಯದಿಂದ. 1990ರಲ್ಲಿ ಜಾರಿಗೆ ಬಂದ ಅಲ್ಲಿನ ಪಠ್ಯಕ್ರಮ ಮಗುವಿನಿಂದ ಬಯಸಿದ್ದು ನಾಲ್ಕು ಕೆಲಸ: ಯಾರಿಗೆ ಏನು ಬೇಕಾಗಿದೆ ಎಂದು ಗುರುತಿಸುವುದು, ಹೇಗೆ ಮಾಡಬಹುದೆಂದು ಯೋಚಿಸಿ ಚಿತ್ರ ಬರೆಯುವುದು, ಮಾಡುವುದು, ಮಾಡಿದ್ದು ಕೆಲಸಕ್ಕೆ ಬಂತೇ ಎಂದು ಪರೀಕ್ಷಿಸುವುದು. ಈಗಲೂ ಅಲ್ಲಿ ಚಿಕ್ಕ ಮಕ್ಕಳಿಗೆ ಸನ್ನೆ, ಗಾಲಿ, ಅಚ್ಚು, ಸ್ವಲ್ಪ ದೊಡ್ಡವರಿಗೆ ರಾಟೆ, ಹಲ್ಲುಚಕ್ರ, ಸ್ವಿಚ್ಚು-ಬಲ್ಬಿನ ಸರ್ಕಿಟ್ಟು, ಎಲ್ಲರಿಗೂ ಅಡುಗೆ. ಅಲ್ಲೇನೂ ಇದು ಸಲೀಸಾಗಿ ನಡೆಯಲಿಲ್ಲ. ಮೊದಲ ಪಠ್ಯಕ್ರಮ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಬಿಡಿಸಲಾಗದ ಗಂಟಾಯಿತು. 1995ರಲ್ಲಿ ಅದನ್ನು ತಿದ್ದಿ ಹಗುರ ಮಾಡಿದರು. ಫಿನ್‌ಲೆಂಡಿನ ಕಥೆ ಇನ್ನೂ ಹಿಂದಿನದು. ಅಲ್ಲಿ ಶಾಲೆಯೊಳಗೆ ಕೈಕೆಲಸ ಕಾಲಿಟ್ಟದ್ದು 1866ರಲ್ಲಿ.

ಹೊರಗಿನ ಉದಾಹರಣೆ ಅಷ್ಟು ಸಾಕು. ನಮ್ಮಲ್ಲಿ ಇದರ ಕಥೆ ಅದಕ್ಕಿಂತ ರೋಚಕವಾಗಿದೆ, ಸ್ವಲ್ಪ ನೋವಿನದೂ ಹೌದು.

ಇಲ್ಲಿ ಕೂತಿರುವ ಹಿರಿಯರಲ್ಲಿ ಕೆಲವರಾದರೂ ಶಾಲೆಯಲ್ಲಿ ತಕಲಿ ತಿರುಗಿಸಿದವರಿರಬೇಕು. ಅದರ ಬೇರು ಇರುವುದು 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದಲ್ಲಿ. ಅದರ ಬೆನ್ನಿಗೇ ಜಾಕಿರ್ ಹುಸೇನ್ ಸಮಿತಿ ಒಂದು ವೇಳಾಪಟ್ಟಿಯನ್ನೇ ಬರೆದುಕೊಟ್ಟಿತು. ದಿನದ ಐದೂವರೆ ಗಂಟೆಯ ಶಾಲೆಯಲ್ಲಿ 3 ಗಂಟೆ 20 ನಿಮಿಷ ಮೂಲ ಕಸುಬಿಗೆ, 40 ನಿಮಿಷ ಮಾತೃಭಾಷೆಗೆ. ಇವತ್ತಿನ ಯಾವ ಪೋಷಕರ ಸಭೆಯಲ್ಲಿ ಈ ಲೆಕ್ಕ ಓದಿದರೂ ಗಲಾಟೆಯಾದೀತು. ಗಾಂಧೀಜಿಯ ಷರತ್ತು ಮಾತ್ರ ಸ್ಪಷ್ಟವಾಗಿತ್ತು: ಕಸುಬನ್ನು ಯಂತ್ರದಂತೆ ಕಲಿಸಬಾರದು, ಪ್ರತಿ ಹಂತದ ಏಕೆ-ಹೇಗೆಗಳು ಮಗುವಿಗೆ ತಿಳಿಯಬೇಕು. ನೂಲಿನ ಮೂಲಕ ಗಣಿತ, ಹತ್ತಿಯ ಮೂಲಕ ಭೂಗೋಳ, ಬಟ್ಟೆಯ ಮೂಲಕ ಚರಿತ್ರೆ.

ಶಾಲೆಗಳಲ್ಲಿ ಉಳಿದದ್ದು ತಕಲಿ, ಏಕೆ-ಹೇಗೆ ಜಾರಿಹೋಯಿತು. ಎಳೆ ಏಕೆ ತುಂಡಾಯಿತು, ಬಿಲ್ಲೆ ಇನ್ನಷ್ಟು ಭಾರವಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಗಿಂತ ಎಷ್ಟು ನೂತಿರಿ ಎಂಬ ಪ್ರಶ್ನೆ ಮುಂದೆ ಬಂತು. ಮಕ್ಕಳು ತಯಾರಿಸಿದ್ದನ್ನು ಮಾರಿ ಶಾಲೆಯ ಖರ್ಚು ತೂಗಿಸುವ ಆಲೋಚನೆಯಂತೂ ಶುರುವಿನಲ್ಲೇ ವಿವಾದಕ್ಕೆ ಒಳಗಾಗಿತ್ತು. ವಾರ್ಧಾ ಸಮ್ಮೇಳನದಲ್ಲೇ ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ಅದನ್ನು ವಿರೋಧಿಸಿದ್ದರು.

ಇನ್ನೊಂದು ಕಾರಣವನ್ನು ಶಿಕ್ಷಣದ ವೇದಿಕೆಗಳಲ್ಲಿ ಅಷ್ಟಾಗಿ ಆಡುವುದಿಲ್ಲ. ಕಮ್ಮಾರರ, ಕುಂಬಾರರ, ಚಮ್ಮಾರರ, ಬಡಗಿಗಳ ಮನೆಯವರು ಮಗುವನ್ನು ಶಾಲೆಗೆ ಕಳಿಸುತ್ತಿದ್ದುದು ಕುಲುಮೆ, ಉಳಿಗಳಿಂದ ಅದನ್ನು ಬಿಡಿಸಲಿಕ್ಕೆ. ಶಾಲೆಯೂ ಅದೇ ಉಳಿಯನ್ನು ಕೈಗಿಟ್ಟರೆ ಅವರಿಗೆ ಅನುಮಾನ ಬಂದದ್ದು ನ್ಯಾಯವಾಗಿತ್ತು. ಮೇಲ್ಜಾತಿಯ ಮನೆಗಳಿಗೆ ಕಸುಬು ತಮ್ಮ ಮಕ್ಕಳ ಪಾಲಿನದಲ್ಲ ಎಂಬ ಭಾವ ಮೊದಲಿನಿಂದಲೂ ಇತ್ತು. ಹೀಗೆ ಎರಡೂ ಕಡೆಯವರು ಬೇಡವೆಂದ ಮೇಲೆ ಉಳಿದದ್ದು ವೇಳಾಪಟ್ಟಿಯಲ್ಲಿನ ಒಂದು ಪೀರಿಯಡ್ಡು. 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಬೇಕೆಂದಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿ ಅದಕ್ಕೆ ಇನ್ನೊಂದು ಉದ್ದನೆಯ ಹೆಸರು ಕೊಟ್ಟಿತು. ಹೊಲಿಗೆ ಟೀಚರ್ ಹುಡುಗಿಯರಿಗೆ ಕಾಜ ಹಾಕುವುದನ್ನು ಕಲಿಸಿದರು, ಹುಡುಗರು ಪಾತಿ ಮಾಡಿ ಗಿಡಕ್ಕೆ ನೀರು ಹಾಕಿದರು. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಂಡರು.

ಈಗಿನ ಖಾಸಗಿ ಶಾಲೆಗಳ ಪ್ರಾಜೆಕ್ಟಿನ ಹಣೆಬರಹ ಬೇರೆ. ರಾತ್ರಿ ಒಂಬತ್ತಕ್ಕೆ ಮಗುವಿಗೆ ನೆನಪಾಗುತ್ತದೆ, ನಾಳೆ ಮಾಡೆಲ್ ತರಬೇಕು. ಅಪ್ಪ ಬೈಕು ಹತ್ತಿ ಸ್ಟೇಷನರಿ ಅಂಗಡಿಗೆ ಓಡುತ್ತಾರೆ. ಅಲ್ಲಿ ಥರ್ಮಕೋಲಿನ ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲಿನ ಮನೆ, ಎಲ್ಲ ತಯಾರಾಗಿಯೇ ಸಿಗುತ್ತವೆ. ಹನ್ನೊಂದರವರೆಗೆ ಅಮ್ಮ ಅಂಟಿಸುತ್ತಾರೆ, ಮಗು ನಿದ್ದೆ ಮಾಡುತ್ತದೆ. ಬಹುಮಾನ ಬಂದರೆ ಅದು ನ್ಯಾಯವಾಗಿ ಅಮ್ಮನಿಗೇ ಸಲ್ಲಬೇಕು.

ತಕಲಿಯ ಕಾಲಕ್ಕೂ ಥರ್ಮಕೋಲಿನ ಕಾಲಕ್ಕೂ ನಡುವೆ ಏನೆಲ್ಲ ಬದಲಾಗಿದ್ದರೂ ಕೊರತೆ ಒಂದೇ. ಏನು ಮಾಡಬೇಕು, ಯಾರಿಗಾಗಿ, ಯಾವುದರಿಂದ ಎಂಬ ತೀರ್ಮಾನ ಮಗುವಿನದಾಗಿರಲಿಲ್ಲ. ಮಾಡಿದ್ದು ಕೆಟ್ಟರೆ ಇನ್ನೊಮ್ಮೆ ಮಾಡುವ ಅವಕಾಶವೂ ಇರಲಿಲ್ಲ. ವಿನ್ಯಾಸದ ಪಾಠ ನಿಜಕ್ಕೂ ನಡೆಯುವುದು ಆ ಎರಡನೇ ಸುತ್ತಿನಲ್ಲೇ. ಈ ಉಪನ್ಯಾಸದ ವಾದವೂ ಅಷ್ಟೇ.

ಒಂದು ಬಂಡಿಯನ್ನೇ ನೋಡಬಹುದು. ನಾಲ್ಕನೇ ತರಗತಿಯ ಮಕ್ಕಳಿಗೆ ರಟ್ಟು, ಬಾಟಲಿಯ ಮುಚ್ಚಳ, ಬಿದಿರು ಕಡ್ಡಿ, ಅಂಟು ಕೊಟ್ಟು, ತಳ್ಳಿದರೆ ಓಡುವ ಬಂಡಿ ಮಾಡಿ ಎಂದರೆ ಮೊದಲು ಚಿತ್ರ ಬರುತ್ತದೆ. ಚಿತ್ರದಲ್ಲಿ ಗಾಲಿ ಇರುತ್ತದೆ, ದೀಪ ಇರುತ್ತದೆ, ಡ್ರೈವರ್ ಕೂಡ ಇರುತ್ತಾನೆ, ಅಚ್ಚು ಇರುವುದಿಲ್ಲ. ಗಾಲಿ ಯಾವುದಕ್ಕೆ ಸಿಕ್ಕಿಕೊಂಡಿದೆ ಎಂಬ ಪ್ರಶ್ನೆ ಇನ್ನೂ ಹುಟ್ಟಿಲ್ಲ. ಆಮೇಲೆ ಕಡ್ಡಿಯನ್ನು ರಟ್ಟಿನ ತಳಕ್ಕೆ ಅಂಟಿಸುತ್ತಾರೆ, ಮುಚ್ಚಳಗಳನ್ನು ತೂತು ಮಾಡಿ ಕಡ್ಡಿಯ ತುದಿಗಳಿಗೆ ಅಂಟಿಸುತ್ತಾರೆ. ನೋಡಲು ಬಂಡಿಯೇ. ತಳ್ಳಿದರೆ ಕೊರಡಿನಂತೆ ಜಾರುತ್ತದೆ, ಒಂದು ಗಾಲಿಯೂ ತಿರುಗುವುದಿಲ್ಲ.

ಇಲ್ಲಿ ಶಿಕ್ಷಕರು ಬಾಯಿ ಬಿಗಿಹಿಡಿದು ನಿಲ್ಲಬೇಕು. ಅದು ಬಹಳ ಕಷ್ಟದ ಕೆಲಸ. ಒಂದು ಗುಂಪು ಮುಚ್ಚಳದ ತೂತನ್ನು ದೊಡ್ಡದು ಮಾಡುತ್ತದೆ. ಗಾಲಿ ತಿರುಗುತ್ತದೆ, ಎರಡು ಸುತ್ತಿಗೆ ಕಳಚಿ ಬೀಳುತ್ತದೆ. ಕಳಚದಿರಲು ಕಡ್ಡಿಯ ತುದಿಗೆ ಮಣಿಯನ್ನೋ ರಬ್ಬರಿನ ಚೂರನ್ನೋ ಸಿಕ್ಕಿಸುತ್ತಾರೆ. ಇನ್ನೊಂದು ಗುಂಪಿಗೆ ಎಳನೀರಿನ ಸ್ಟ್ರಾ ಹೊಳೆಯುತ್ತದೆ. ಸ್ಟ್ರಾವನ್ನು ರಟ್ಟಿಗೆ ಅಂಟಿಸಿ, ಕಡ್ಡಿಯನ್ನು ಅದರೊಳಗೆ ತೂರಿಸಿ, ಗಾಲಿಗಳನ್ನು ಕಡ್ಡಿಗೆ ಬಿಗಿಯಾಗಿ ಕೂರಿಸಿದರೆ ಅಚ್ಚೂ ಗಾಲಿಯೂ ಒಟ್ಟಿಗೆ ತಿರುಗುತ್ತವೆ. ಎರಡೂ ಸರಿಯಾದ ಉತ್ತರಗಳೇ. ಎತ್ತಿನ ಗಾಡಿಯಲ್ಲಿ ಅಚ್ಚು ನಿಂತಿರುತ್ತದೆ, ಗಾಲಿ ತಿರುಗುತ್ತದೆ, ಕಡಾಣಿ ಅದನ್ನು ಕಳಚದಂತೆ ಹಿಡಿಯುತ್ತದೆ. ರೈಲಿನಲ್ಲಿ ಗಾಲಿ ಅಚ್ಚಿಗೆ ಬಿಗಿದಿರುತ್ತದೆ, ಎರಡೂ ಒಟ್ಟಿಗೆ ಉರುಳುತ್ತವೆ. ಒಂಬತ್ತು ವರ್ಷದ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಇವೆರಡನ್ನೂ ತಾವೇ ಕಂಡುಕೊಳ್ಳುತ್ತಾರೆ.

ಆಮೇಲೆ ಬಂಡಿ ಓಡುತ್ತದೆ, ಆದರೆ ಸೊಟ್ಟಗೆ, ಬೆಂಚಿನ ಕಾಲಿಗೆ ಹೋಗಿ ಹೊಡೆಯುತ್ತದೆ. ಹಿಂದಿನ ಅಚ್ಚಿಗೂ ಮುಂದಿನ ಅಚ್ಚಿಗೂ ನಡುವಿನ ಅಂತರ ಒಂದು ಬದಿಯಲ್ಲಿ ಹೆಚ್ಚು, ಇನ್ನೊಂದು ಬದಿಯಲ್ಲಿ ಕಡಿಮೆ. ಸ್ಕೇಲು ಹೊರಬರುವುದು ಈಗ, ಯಾರೂ ಹೇಳದೆಯೇ. ಸಮಾನಾಂತರ ರೇಖೆಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗುವುದು ಕಷ್ಟ. ಇಷ್ಟಕ್ಕೆಲ್ಲ ಬೇಕಾದ ಸಾಮಾನು ಕಸದಬುಟ್ಟಿಯಲ್ಲೇ ಇದೆ. ದುಬಾರಿಯಾದದ್ದು ಸಮಯ.

ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಚಿತ್ರಾ ನಟರಾಜನ್, ಸುಗ್ರಾ ಚುನಾವಾಲಾ ಮತ್ತವರ ತಂಡ 2000ರ ದಶಕದಲ್ಲಿ ಈ ಬಗೆಯ ಪಾಠಗಳನ್ನು ಭಾರತದ ಮಕ್ಕಳಿಗೆಂದೇ ರೂಪಿಸಿ ನೋಡಿತು. ನಗರದ ಇಂಗ್ಲಿಷ್ ಮಾಧ್ಯಮ, ನಗರದ ಮರಾಠಿ ಮಾಧ್ಯಮ, ಬುಡಕಟ್ಟು ಮಕ್ಕಳ ಗ್ರಾಮೀಣ ಶಾಲೆ, ಮೂರೂ ಕಡೆ. ಮಕ್ಕಳು ಮಾಡಿದ್ದು ಒಂದು ಚೀಲ, ಭಾರ ಎತ್ತುವ ಗಾಳಿಯಂತ್ರದ ಮಾದರಿ, ಒಂದು ಗೊಂಬೆಯಾಟ. ಅವರೆಲ್ಲ ಮಾಧ್ಯಮಿಕ ಹಂತದ ಮಕ್ಕಳು. ಆದರೂ ಅದರಲ್ಲಿನ ಚೀಲವನ್ನು ಪ್ರಾಥಮಿಕ ಶಾಲೆಗೆ ಇಳಿಸಿಕೊಳ್ಳಲು ಅಡ್ಡಿಯೇನಿಲ್ಲ, ಕರ್ನಾಟಕದಲ್ಲಂತೂ ಅದಕ್ಕೊಂದು ಸರ್ಕಾರಿ ಆದೇಶವೇ ನೆವವಾಗಿ ಸಿಗುತ್ತದೆ. 2019ರಲ್ಲಿ ಶಿಕ್ಷಣ ಇಲಾಖೆ ಶಾಲಾ ಬ್ಯಾಗಿನ ತೂಕ ನಿಗದಿ ಮಾಡಿತು: 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕೆ.ಜಿ., 3ರಿಂದ 5ಕ್ಕೆ 2ರಿಂದ 3 ಕೆ.ಜಿ. ಎರಡನೇ ತರಗತಿಯ ತಂಗಿಗೆ 2 ಕೆ.ಜಿ. ಹೊರುವ ಕಾಗದದ ಚೀಲ ಮಾಡಿಕೊಡಿ ಎಂದು ಐದನೇ ತರಗತಿಯ ಮಕ್ಕಳಿಗೆ ಹೇಳಲಿ. ಹಳೆಯ ದಿನಪತ್ರಿಕೆ, ಗೋಂದು, ತೂಕಕ್ಕೆ ಮರಳು. ಮೊದಲ ಚೀಲದ ಹೊಟ್ಟೆ ಗಟ್ಟಿಯಾಗಿರುತ್ತದೆ, ಹಿಡಿಕೆ ಅಂಟಿಸಿದ ಕಡೆ ಹರಿಯುತ್ತದೆ. ಭಾರವೆಲ್ಲ ಆ ಎರಡು ಬೆರಳಗಲದ ಜಾಗದ ಮೇಲೆ ಬೀಳುತ್ತಿದೆ ಎಂದು ಹರಿದ ಚೀಲವೇ ತೋರಿಸಿಕೊಡುತ್ತದೆ. ಬಾಯಿಯ ಅಂಚನ್ನು ಎರಡು ಮಡಿಕೆ ಮಾಡುವುದು, ಹಿಡಿಕೆಯನ್ನು ತಳದವರೆಗೆ ಇಳಿಸುವುದು, ಪಟ್ಟಿಯನ್ನು ಅಗಲ ಮಾಡುವುದು, ಇದೆಲ್ಲ ಆಮೇಲೆ ಬರುತ್ತದೆ. ತಂಗಿಯನ್ನು ಕರೆದು ಹೆಗಲಿಗೆ ಹಾಕಿ ನೋಡಿದಾಗ ಪಟ್ಟಿ ಅವಳ ಮೊಣಕಾಲಿಗೆ ಇಳಿದಿದ್ದರೆ, ಅಳತೆಯನ್ನು ಮೊದಲು ಅವಳಿಂದ ತೆಗೆದುಕೊಳ್ಳಬೇಕಿತ್ತು ಎಂಬುದೂ ಗೊತ್ತಾಗುತ್ತದೆ.

ಕಡಿಮೆ ಖರ್ಚಿನ ಸಾಮಾನು ಎಂದಾಗ ಅರವಿಂದ ಗುಪ್ತ ಅವರ ಹೆಸರು ಬರಲೇಬೇಕು. ಕಾನ್ಪುರ ಐಐಟಿಯಲ್ಲಿ ಓದಿ, ಟೆಲ್ಕೊದಲ್ಲಿ ಕೆಲಸ ಮಾಡಿ, ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮದ ಕಡೆ ತಿರುಗಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸುವ ಅವರ ಆಟ ಪ್ರಸಿದ್ಧ. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಐದರದ್ದು ಹೇಗೆಂದರೆ ಹಾಗೆ ಕುಸಿಯುತ್ತದೆ, ಮೂರರ ತ್ರಿಕೋನ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಚೌಕವನ್ನು ನಿಲ್ಲಿಸಲು ಕರ್ಣಕ್ಕೊಂದು ಕಡ್ಡಿ ಕೊಡಬೇಕು. ಇದನ್ನು ಕೈಯಾರೆ ಒತ್ತಿ ನೋಡಿದ ಮಗುವಿಗೆ ಮೆಟ್ರೊ ಕ್ರೇನಿನ ತೋಳು, ಸಾರುವೆಗೆ ಕಟ್ಟಿದ ಓರೆ ಗಳು, ಸೈಕಲ್ಲಿನ ಫ್ರೇಮು ಎಲ್ಲವೂ ಬೇರೆ ಥರ ಕಾಣತೊಡಗುತ್ತವೆ.

ಮಾಡುವುದಷ್ಟೇ ವಿನ್ಯಾಸವಲ್ಲ, ಮಾಡಿದ್ದನ್ನು ನೋಡುವುದೂ ವಿನ್ಯಾಸವೇ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಹುಟ್ಟಿಗೆ ದಾರಿ ಮಾಡಿತು. ಅದರಲ್ಲಿ ಅವರು ಬಹಳ ಹೊತ್ತು ನಿಂತು ನೋಡಿದ ವಸ್ತು ನಮ್ಮ ತಂಬಿಗೆ. ಎಷ್ಟು ನೀರು ಹಿಡಿಯಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತಲೆಯ ಮೇಲೋ ಸೊಂಟದ ಮೇಲೋ, ಸುರಿಯುವಾಗ ಬಾಯಿ ಹೇಗಿರಬೇಕು, ತೊಳೆಯುವಾಗ ಕೈ ಒಳಗೆ ಹೋಗುತ್ತದೆಯೇ ಎಂಬ ಜಾತಿಯ ಪ್ರಶ್ನೆಗಳು. ಮೂರನೇ ತರಗತಿಯಲ್ಲಿ ತಂಬಿಗೆ, ಬಿಂದಿಗೆ, ಪ್ಲಾಸ್ಟಿಕ್ ಜಗ್ಗು ಮೂರನ್ನೂ ಮೇಜಿನ ಮೇಲಿಟ್ಟು ಇವೇ ಪ್ರಶ್ನೆ ಕೇಳಬಹುದು. ಚೆಲ್ಲಿದ ನೀರು ಒರೆಸಲು ಒಂದು ಬಟ್ಟೆ ಇಟ್ಟುಕೊಂಡಿರಬೇಕು.

ಹಾಗೆಯೇ ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ. ಶಾಲಾ ಪ್ರವಾಸದ ಬಸ್ಸುಗಳು ಮೈಸೂರಿಗೆ ಹೋಗುವಾಗ ಅಲ್ಲಿ ನಿಲ್ಲುವುದು ಗೊಂಬೆ ಕೊಳ್ಳಲು. ನಿಲ್ಲಬೇಕಾದದ್ದು ಲೇತಿನ ಮುಂದೆ. ತಿರುಗುತ್ತಿರುವ ಆಲೆಮರದ ತುಂಡಿಗೆ ಕುಶಲಕರ್ಮಿ ಅರಗಿನ ಕಡ್ಡಿ ಒತ್ತುತ್ತಾರೆ. ಬೆಂಕಿಯೂ ಇಲ್ಲ, ಒಲೆಯೂ ಇಲ್ಲ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ, ಆಮೇಲೆ ಒಣಗರಿಯಿಂದ ಉಜ್ಜಿದರೆ ಹೊಳಪು. ಎಳೆದರೆ ತಲೆ ಮೇಲೆ ಕೆಳಗೆ ಆಡಿಸುವ ಗೊಂಬೆಯ ಗುಟ್ಟು ನಡುವೆ ತೂತಿಲ್ಲದ, ಪಕ್ಕಕ್ಕೆ ತೂತಿರುವ ಗಾಲಿಯಲ್ಲಿದೆ. ರಟ್ಟಿನ ಬಂಡಿ ಮಾಡಿದ ಮಗುವಿಗೆ ಮುಂದಿನ ಸವಾಲು ಅದೇ ಆಗಬಹುದು.

ಮನೆಯಿಂದಲೇ ಈ ವಿದ್ಯೆ ತರುವ ಮಕ್ಕಳೂ ತರಗತಿಯಲ್ಲಿದ್ದಾರೆ. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ದಕ್ಷಿಣ ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಓದುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ಅವರದು. ಜೋಳದ ದಂಟಿನಿಂದ ಗಾಡಿ ಕಟ್ಟಲು ಬಲ್ಲವರು. ಎತ್ತಿನ ನಾಲ್ಕು ಕಾಲು ಒಣಗುವಾಗ ಬಿರುಕು ಬಿಡದಿರಲು ಮಣ್ಣನ್ನು ಎಷ್ಟು ಕಲಸಬೇಕು ಎಂಬುದು ಅವರಿಗೆ ಗೊತ್ತು, ಟೀಚರಿಗೆ ಗೊತ್ತಿಲ್ಲದೆ ಇರಬಹುದು. ಓದುವುದರಲ್ಲಿ ಹಿಂದೆ ಎಂದು ಹಿಂದಿನ ಬೆಂಚಿಗೆ ಹೋದ ಹುಡುಗ ಇಂಥ ಪಾಠದ ದಿನ ಬೇರೆಯವರಿಗೆ ಹೇಳಿಕೊಡುವವನಾಗುತ್ತಾನೆ. ಇದರ ಜೊತೆ ಹಳೆಯ ಎಚ್ಚರವೂ ಇರಬೇಕು. ಮೇಸ್ತ್ರಿಯ ಮಗ ಗಾರೆ ಕಲಸಲಿ, ಮ್ಯಾನೇಜರ್ ಮಗಳು ಚಿತ್ರ ಬರೆಯಲಿ ಎಂದು ಗುಂಪು ಹಂಚಿದರೆ ವಾರ್ಧಾದ ನಂತರ ಆದದ್ದೇ ಮತ್ತೆ ಆಗುತ್ತದೆ. ಚಿತ್ರವೂ ಉಳಿಯೂ ಸರದಿಯಲ್ಲಿ ಎಲ್ಲರ ಕೈಗೂ ಬರಬೇಕು, ಹುಡುಗಿಯರ ಕೈಗೆ ಮೊದಲು ಬಂದರೆ ಇನ್ನೂ ಒಳ್ಳೆಯದು.

ಸರ್ಕಾರದ ಹಣ ಹರಿದಿರುವುದು ಮೇಲಿನ ತರಗತಿಗಳಿಗೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬುಗಳು 6ರಿಂದ 12ನೇ ತರಗತಿಯವರಿಗೆ. ಒಂದು ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ, ಥ್ರೀಡಿ ಪ್ರಿಂಟರು, ಸೆನ್ಸರುಗಳು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುವ ಹತ್ತು ದಿನದ ಬ್ಯಾಗ್‌ರಹಿತ ಕಸುಬಿನ ಕಲಿಕೆಯೂ 6ರಿಂದ 8ನೇ ತರಗತಿಗೆ. ಅದಕ್ಕೂ ಮೊದಲಿನ ಐದು ವರ್ಷ ಕತ್ತರಿ ಮುಟ್ಟದ ಮಗುವಿನ ಮುಂದೆ ಥ್ರೀಡಿ ಪ್ರಿಂಟರ್ ಇಟ್ಟರೆ ಅದು ಯಾರದೋ ಫೈಲನ್ನು ಪ್ರಿಂಟ್ ಮಾಡುತ್ತದೆ. ಬಡಾವಣೆಗಳಲ್ಲಿ ನಡೆಯುವ ರೊಬೊಟಿಕ್ಸ್ ಕ್ಲಾಸುಗಳಲ್ಲೂ ಹೆಚ್ಚು ಕಡಿಮೆ ಇದೇ ಕಥೆ. ಕಿಟ್ಟಿನ ಜೊತೆ ಬಂದ ಪುಸ್ತಕದ ಹದಿನಾರು ಚಿತ್ರಗಳನ್ನು ಕ್ರಮವಾಗಿ ಅನುಸರಿಸಿದರೆ ರೊಬೊಟ್ ಓಡಲೇಬೇಕು. ಓಡುತ್ತದೆ, ವಿಡಿಯೊ ವಾಟ್ಸ್ಯಾಪಿಗೆ ಹೋಗುತ್ತದೆ. ಕೆಡುವ ಅವಕಾಶಕ್ಕೇ ಅಲ್ಲಿ ಜಾಗವಿಲ್ಲ.

ಒಳ್ಳೆಯ ನೆಲೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಕನಕಪುರ ರಸ್ತೆಯ ವ್ಯಾಲಿ ಶಾಲೆಯಲ್ಲಿ ಕುಂಬಾರಿಕೆ, ಮರಗೆಲಸ, ನೇಯ್ಗೆ ಶಾಲೆಯ ದಿನಚರಿಗೇ ಸೇರಿವೆ. ಅದು ಎಲ್ಲರ ಕೈಗೆಟುಕುವ ಶಾಲೆಯಲ್ಲ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಸರ್ಕಾರಿ ಶಾಲೆಗಳ ಬಾಗಿಲಿಗೇ ಬರುತ್ತವೆ. ವ್ಯಾನು ಹೋದ ಮೇಲೆ ಎರಡನೇ ಸುತ್ತನ್ನು ಶಾಲೆಯೇ ನಡೆಸಬೇಕು. ಎಲ್ಲಕ್ಕಿಂತ ಹತ್ತಿರದ್ದು ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಶುರುಮಾಡಿ, 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಕೆಯ ಏಣಿ ಹತ್ತುತ್ತಾರೆ, ಮಾಡಿದ್ದನ್ನು ದಾರದ ಚಪ್ಪರಕ್ಕೆ ತೂಗುಹಾಕುತ್ತಾರೆ. ವಿನ್ಯಾಸದ ತರಗತಿಗೆ ಬೇಕಾದ ಕೋಣೆ ಇದೇ. 2023ರ ಕಲಿಕಾ ಹಬ್ಬದಲ್ಲಿ ಕಾಗದ-ಕತ್ತರಿ, ಊರು ತಿಳಿಯೋಣ ಎಂಬ ಮೂಲೆಗಳೂ ಇದ್ದವು. ಹಬ್ಬ ಮುಗಿದ ಮೇಲೆ ಕತ್ತರಿಗಳು ಬೀರುವಿಗೆ ಹೋದದ್ದು ಬೇರೆ ಮಾತು. ತಿಂಗಳಿಗೊಂದು ಸಂಭ್ರಮ ಶನಿವಾರ ಬ್ಯಾಗಿಲ್ಲದೆ ಬರುವ ದಿನವಾದ್ದರಿಂದ ಹೊಸ ಪೀರಿಯಡ್ಡಿಗೆ ಕೈಚಾಚಬೇಕಿಲ್ಲ. ಪರಿಸರ ಅಧ್ಯಯನದ ರೂಪಣಾತ್ಮಕ ಮೌಲ್ಯಮಾಪನದಲ್ಲಿ ಚಟುವಟಿಕೆಗೆ ಅಂಕವಿದೆ. ಆ ಅಂಕವನ್ನು ಚೆಂದದ ಮಾದರಿಗೆ ಕೊಡದೆ ಮೊದಲ ಚಿತ್ರಕ್ಕೂ ಎರಡನೇ ಚಿತ್ರಕ್ಕೂ ನಡುವೆ ಆದ ಬದಲಾವಣೆಗೆ ಕೊಟ್ಟರೆ ಅಮ್ಮಂದಿರ ರಾತ್ರಿ ಪಾಳಿಯೂ ತಪ್ಪುತ್ತದೆ.

ಶಿಕ್ಷಕರ ತಕರಾರುಗಳು ಹುಸಿಯಲ್ಲ. ಕಾಯ್ದೆ 30 ಮಕ್ಕಳಿಗೊಬ್ಬ ಶಿಕ್ಷಕರೆಂದರೂ ಅವರ ಹೆಗಲ ಮೇಲೆ ಗಣತಿ, ಚುನಾವಣೆ, ಮೊಟ್ಟೆ-ಹಾಲಿನ ಲೆಕ್ಕ ಎಲ್ಲ ಇವೆ. ಕತ್ತರಿಯಿಂದ ಗಾಯವಾದರೆ ಕೇಳುವವರು ಅವರನ್ನೇ. ಮೊಂಡು ಮೂತಿಯ ಕತ್ತರಿ, ಒಂದು ಹೊತ್ತಿಗೆ ಒಂದೇ ಗುಂಪಿಗೆ ಸಾಮಾನು, ಉಳಿದವರಿಗೆ ಚಿತ್ರದ ಕೆಲಸ, ಇಷ್ಟು ಏರ್ಪಾಟಿನಿಂದ ಅರ್ಧ ಭಯ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ನೆರೆಹೊರೆಯವರ ನೆರವು ಕೇಳಬಹುದು. ಅರೆಕೆರೆಯ ಸುತ್ತ ಮೈಕೋ ಕಾರ್ಖಾನೆಯ ಹೆಸರು ಹೊತ್ತ ಬಡಾವಣೆಯೇ ಇದೆ. ಕಾರ್ಖಾನೆಗಳ ಟೂಲ್‌ರೂಮಿನಲ್ಲಿ ಬದುಕು ಕಳೆದು ನಿವೃತ್ತರಾದ ಫಿಟ್ಟರುಗಳು, ಟರ್ನರುಗಳು ಈ ಭಾಗದಲ್ಲಿ ಬೇಕಾದಷ್ಟು ಇದ್ದಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಒಂದು ಪತ್ರ ಬರೆದು ತಿಂಗಳಿಗೊಮ್ಮೆ ಒಬ್ಬರನ್ನು ಕರೆಸಬಹುದು, ಪಕ್ಕದ ಸೈಟಿನ ಗಾರೆ ಮೇಸ್ತ್ರಿಯನ್ನು ಅವರ ನೀರಿನ ಪೈಪಿನ ಸಮೇತ ಕರೆಸಬಹುದು, ಆ ಒಂದು ಗಂಟೆಗೆ ಅವರ ಕೂಲಿಯನ್ನೂ ಕೊಡಬೇಕು.

ಕೊನೆಗೆ ಜಾಗದ ಸಮಸ್ಯೆ. ಗೋಂದು ಒಣಗಲು ಒಂದು ರಾತ್ರಿ ಬೇಕು, ಎರಡನೇ ಸುತ್ತಿಗೆ ಒಂದು ವಾರ ಕಾಯಬೇಕು. ಒಂದೇ ಕೋಣೆಯಲ್ಲಿ ಎರಡು ತರಗತಿ ನಡೆಯುವ ಕಡೆ ಅರ್ಧ ಆದ ಬಂಡಿಗಳನ್ನು ಇಡುವುದೆಲ್ಲಿ? ಚಪ್ಪಲಿ ಅಂಗಡಿಗಳಲ್ಲಿ ಖಾಲಿ ಡಬ್ಬ ಕೇಳಿದರೆ ಕೊಡುತ್ತಾರೆ. ಅಂಥ ಮೂವತ್ತು ಡಬ್ಬಗಳು ಬೀರುವಿನ ಮೇಲೆ ಮೂರು ಸಾಲಿನಲ್ಲಿ ಕೂರುತ್ತವೆ. ಡಬ್ಬದ ಮೇಲೆ ಮಗುವಿನ ಹೆಸರು, ತಾರೀಖು, ಕೆಳಗೆ ಮುಂದಿನ ಸಲ ಏನು ಬದಲಿಸಬೇಕು ಎಂದು ಮಗುವೇ ಬರೆದ ಒಂದು ಸಾಲು. ಬರೆಯಲು ಬಾರದ ಒಂದನೇ ತರಗತಿಯವರು ಅಲ್ಲಿ ಬಾಣದ ಗುರುತಿನ ಚಿತ್ರ ಹಾಕಿದರೆ ಸಾಕು.